ಇಂಕ್‌ಜೆಟ್ ವಾಟರ್‌ಸ್ಲೈಡ್ ಡೆಕಾಲ್ ಶೀಟು: ಕಾಗದ ಚಲೋ, ಬೆಳಗಾವಿ ಮಳೆಗಾಲ ಜೋಕೆ

ಸ್ಕೇಲ್ ಮಾಡೆಲ್, ಗಿಟಾರು, ಗಾಡಿ ಟ್ಯಾಂಕಿನ ಮೇಲೆ ಸಣ್ಣ ಅಕ್ಷರ ಕೂರಿಸಲು ಈ ಎ4 ಶೀಟು ಚಲೋ ಇದೆ: ಇಂಕ್‌ಜೆಟ್ ಪ್ರಿಂಟರಿನಲ್ಲಿ ಮುದ್ರಿಸಿ ನೀರಲ್ಲಿ ನೆನೆಸಿದರೆ, ಚಿತ್ರದ ತೆಳು ಪೊರೆ ಕಾಗದದಿಂದ ಜಾರಿ ವಸ್ತುವಿನ ಮೇಲೆ ಕೂರುತ್ತದೆ. ಪಾರದರ್ಶಕ, ಬಿಳಿ ಎರಡೂ ಸಿಗುತ್ತವೆ. ಇಂಕ್‌ಜೆಟ್ ಬಿಳಿ ಬಣ್ಣ ಮುದ್ರಿಸುವುದಿಲ್ಲ, ಹಾಗಾಗಿ ಕಪ್ಪು ಟ್ಯಾಂಕಿಗೆ ಬಿಳಿ ಶೀಟೇ ಬೇಕು. ಲೇಸರ್ ಪ್ರಿಂಟರಿನ ಶೀಟು ತಂದರೆ ಶಾಯಿ ಹೀರದೆ ಹನಿಹನಿಯಾಗಿ ನಿಲ್ಲುತ್ತದೆ.

ಹೊಳಪಿನ ಬದಿಗೆ, ಫೋಟೋ ಪೇಪರ್ ಸೆಟ್ಟಿಂಗಿನಲ್ಲಿ ಮುದ್ರಿಸಿ. ಅರ್ಧ ಗಂಟೆ ಒಣಗಲಿ. ಆಮೇಲಿನ ಸ್ಪ್ರೇಯಲ್ಲೇ ಕೆಲಸ ಕೆಡುವುದು ಹೆಚ್ಚು. ಈ ಶಾಯಿ ನೀರಿಗೆ ಕರಗುತ್ತದೆ. ಹಾಗಾಗಿ ಅದನ್ನು ಮುಚ್ಚಲು ಅಕ್ರಿಲಿಕ್ ಕ್ಲಿಯರ್ (ಪಾರದರ್ಶಕ ಲೇಪ) ಸ್ಪ್ರೇಯನ್ನು ಒಂದಡಿ ದೂರದಿಂದ, 15-20 ನಿಮಿಷ ಬಿಟ್ಟು ಬಿಟ್ಟು, ತೆಳುವಾಗಿ ಮೂರು ಸಲ ಹೊಡೆಯಬೇಕು. ಮೊದಲ ಸಲವೇ ದಪ್ಪ ಹೊಡೆದರೆ ಬಣ್ಣ ಹರಡುತ್ತದೆ. ಬೆಳಗಾವಿಯ ಜುಲೈ ಜಿಟಿಜಿಟಿಯಲ್ಲಿ ಹೊಡೆದರಂತೂ ತೇವ ಸೇರಿ ಹಾಲಿನಂಥ ಪೊರೆ ಕಟ್ಟುತ್ತದೆ. ಬಿಸಿಲು ಬಿದ್ದ ದಿನ ಕಾಯಿರಿ.

ರಾತ್ರಿಯಿಡೀ ಒಣಗಿಸಿ, ಚಿತ್ರದ ಸುತ್ತ 2 ಮಿ.ಮೀ. ಅಂಚು ಬಿಟ್ಟು ಕತ್ತರಿಸಿ. ಅಂಚಿಲ್ಲದಿದ್ದರೆ ಅಲ್ಲಿಂದಲೇ ನೀರು ನುಗ್ಗಿ ಶಾಯಿ ಸೋರುತ್ತದೆ. ಉಗುರುಬೆಚ್ಚಗಿನ ನೀರಲ್ಲಿ 30-60 ಸೆಕೆಂಡು ನೆನೆಸಿದರೆ ಸಾಕು. ಅಂಟಿಸುವ ಜಾಗದ ಮೇಲಿಟ್ಟು ಕಾಗದವನ್ನು ಕೆಳಗಿನಿಂದ ಸರಿಸಿ, ಚಿತ್ರವನ್ನು ಎಳೆಯಬೇಡಿ. ನಡುವಿನಿಂದ ಹೊರಕ್ಕೆ ಮೆತ್ತನೆ ಬಟ್ಟೆಯಿಂದ ನೀರು ಒತ್ತಿ ತೆಗೆಯಿರಿ. ಗುಳ್ಳೆ ಉಳಿದರೆ ಸೂಜಿಮೊನೆ ತಾಗಿಸಿ.

ಮರುದಿನ ಮೇಲೊಂದು ಕ್ಲಿಯರ್ ಕೋಟು. ಟ್ಯಾಂಕಿಗೆ ಮಾತ್ರ ಹಾರ್ಡ್‌ನರ್ (ಗಟ್ಟಿಯಾಗಿಸುವ ದ್ರವ) ಬೆರೆಸುವ 2ಕೆ, ಅಂದರೆ ಎರಡು ಭಾಗದ ಕ್ಲಿಯರೇ ಆಗಬೇಕು, ಸಾದಾ ಅಕ್ರಿಲಿಕ್ಕನ್ನು ಪೆಟ್ರೋಲು ತಿಂದುಹಾಕುತ್ತದೆ. ಅದನ್ನು ಪೇಂಟಿಂಗ್ ಗ್ಯಾರೇಜಿನಲ್ಲೇ ಹೊಡೆಸಿ; ಆ ಹೊಗೆ ಮನೆಯೊಳಗೆ ಬೇಡವೇ ಬೇಡ. ಚಹಾ ಕಪ್ಪಿಗೂ ಈ ಶೀಟು ಬೇಡ, ತಿಕ್ಕಿ ತೊಳೆದರೆ ತಾಳುವುದಿಲ್ಲ.