ಏರ್ ಗನ್‌ಗೆ ಯಾವ ಪೆಲೆಟ್? ನಾಲ್ಕು ಥರದ ಡಬ್ಬಿ ತೆರೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 0.547 ಗ್ರಾಂ ತೂಕದ ಗುಂಡುತಲೆ ಪೆಲೆಟ್‌ಗೆ. ಪೆಲೆಟ್ ಅಂದರೆ ಏರ್ ಗನ್ನಿನ ಪುಟ್ಟ ಲೋಹದ ಗುಂಡು. ನಾನು ಹೇಳುತ್ತಿರುವುದು ಜೆಕ್ ದೇಶದ ಜೆಎಸ್‌ಬಿ ಕಂಪನಿಯದ್ದು, ತಲೆಯ ಅಳತೆ 4.52 ಮಿ.ಮೀ. ಇದನ್ನು ಮೊದಲೇ ತಂದಿದ್ದರೆ ಸ್ಪ್ರಿಂಗಿಗೆ, ಸೈಟಿಗೆ, ಕೊನೆಗೆ ನನ್ನ ಕಣ್ಣಿಗೂ ಎರಡು ವರ್ಷ ಬೈಯುವುದು ತಪ್ಪುತ್ತಿತ್ತು.

ನನ್ನದು ನಳಿಗೆ ಬಗ್ಗಿಸಿ ತುಂಬುವ ಸ್ಪ್ರಿಂಗ್ ಏರ್ ಗನ್, ಪಾಯಿಂಟ್ 177, ಅಂದರೆ ನಳಿಗೆಯ ತೂತು 0.177 ಇಂಚು, ಸುಮಾರು 4.5 ಮಿ.ಮೀ. 2016ರ ಆಯುಧ ನಿಯಮಗಳ ಪ್ರಕಾರ ಈ ಅಳತೆಯದ್ದು, ಗುಂಡು ನಳಿಗೆ ಬಿಡುವಾಗಿನ ಶಕ್ತಿ 20 ಜೂಲ್ ಒಳಗಿದ್ದರೆ ಲೈಸೆನ್ಸ್ ಬೇಡ. ಮನೆ ತೀರ್ಥಹಳ್ಳಿ ಹತ್ತಿರ. ಜಗಲಿಯಿಂದ ಅಡಿಕೆ ಒಣಗಿಸುವ ಅಂಗಳ ದಾಟಿ ಎದುರಿನ ಧರೆಯವರೆಗೆ ಸರಿಯಾಗಿ 20 ಮೀಟರ್. ಧರೆ ಮಣ್ಣಿನದ್ದು, ಎತ್ತರವಾಗಿದೆ, ಗುಂಡು ಅಲ್ಲೇ ಹೂತುಹೋಗುತ್ತದೆ. ಊರಲ್ಲಿ ಕೇಳುವವರೆಲ್ಲ "ಮಂಗನಿಗಾ?" ಅಂತಲೇ ಕೇಳುತ್ತಾರೆ. ಅಲ್ಲ ಮಾರಾಯ್ರೆ, ಕಾಗದಕ್ಕೆ. ಮನೆಯಲ್ಲಿ ರಾಶಿ ಬಿದ್ದಿರುವ ಮದುವೆ ಕಾಗದಗಳ ಹಿಂಭಾಗಕ್ಕೆ.

ಅಮೆರಿಕದಂಥ ಕಡೆ ರೈಫಲ್ ಇಟ್ಟುಕೊಂಡ ಎಷ್ಟೋ ಜನ ತಾವೇ ತೋಟಾ ತುಂಬಿಕೊಳ್ಳುತ್ತಾರೆ. ಮದ್ದು ಇಷ್ಟು, ಗುಂಡಿನ ತೂಕ ಇಷ್ಟು ಅಂತ ತೂಗಿ ತೂಗಿ ಗುರಿ ಸರಿಮಾಡಿಕೊಳ್ಳುತ್ತಾರೆ. ಏರ್ ಗನ್‌ನಲ್ಲಿ ಆ ಆಟ ಇಲ್ಲ. ನಮ್ಮ ಕೈಯಲ್ಲಿರುವುದು ಪೆಲೆಟ್ ಆರಿಸುವುದು ಒಂದೇ. ಅದು ಇಷ್ಟು ವ್ಯತ್ಯಾಸ ಮಾಡುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಮೊದಲು ಕೈಸುಟ್ಟುಕೊಂಡಿದ್ದು ಸೀಸವಿಲ್ಲದ, ಹಗುರ ಮಿಶ್ರಲೋಹದ ಪೆಲೆಟ್‌ನಲ್ಲಿ. ತೂಕ 0.35 ಗ್ರಾಂ. ಶಿವಮೊಗ್ಗದ ಒಂದು ಅಂಗಡಿಯಲ್ಲಿ "ಇದು ಎಲ್ಲಕ್ಕಿಂತ ಸ್ಪೀಡು" ಅಂದರು. ನಾನೂ ಸ್ಪೀಡು ಅಂದರೆ ಗುರಿ ಅಂದುಕೊಂಡು ಎರಡು ಡಬ್ಬಿ ತಂದೆ. ಸ್ಪೀಡೇನೋ ನಿಜ. ಪೂರ್ತಿ 20 ಜೂಲ್ ಸಿಕ್ಕರೆ ಲೆಕ್ಕದಲ್ಲಿ ಸೆಕೆಂಡಿಗೆ 338 ಮೀಟರ್, ಹೆಚ್ಚುಕಮ್ಮಿ ಶಬ್ದದ ವೇಗ. ಆದರೆ ಆ ವೇಗದ ಆಸುಪಾಸಿನಲ್ಲಿ ಪೆಲೆಟ್ ಓಲಾಡಲು ಶುರುಮಾಡುತ್ತದೆ. ನನ್ನ ಗನ್ ಅಷ್ಟು ಜೋರಿನದ್ದಲ್ಲ. ಅದರ ತೊಂದರೆ ಬೇರೆ. ಪೆಲೆಟ್ ತೀರಾ ಹಗುರ ಇದ್ದರೆ ಬೇಗ ಹೊರಟುಹೋಗುತ್ತದೆ, ಒಳಗೆ ಸ್ಪ್ರಿಂಗ್ ತಳ್ಳುವ ಪಿಸ್ಟನ್ನಿಗೆ ಎದುರು ಗಾಳಿಯ ಮೆತ್ತೆ ಸಿಗುವುದಿಲ್ಲ. ಪಿಸ್ಟನ್ ಹೋಗಿ ಸಿಲಿಂಡರಿನ ಮುಂದಿನ ಗೋಡೆಗೆ ಗುದ್ದುತ್ತದೆ. ಪ್ರತಿ ಸಲ ಭುಜಕ್ಕೆ 'ಟಣ್' ಅಂತ ಗೊತ್ತಾಗುತ್ತಿತ್ತು. 20 ಮೀಟರಿಗೆ ಐದು ಗುಂಡು 60 ಮಿ.ಮೀ. ಹರಡಿದವು. ಉಳಿದ ಒಂದೂವರೆ ಡಬ್ಬಿ ಈಗಲೂ ಕಪಾಟಿನಲ್ಲಿ ಹಳೇ ಸೆಲ್ಲುಗಳ ಪಕ್ಕ ಕೂತಿದೆ.

ಆಮೇಲೆ ನಮ್ಮ ದೇಶದ್ದೇ ಸೀಸದ ಚಪ್ಪಟೆತಲೆ. ಹೆಸರು ಹೇಳುವುದಿಲ್ಲ. ಅಗ್ಗ, ಒಂದಕ್ಕೆ 40 ಪೈಸೆ ಬಿತ್ತು. 10 ಮೀಟರಿಗೆ ಚೆಂದ. ಚಪ್ಪಟೆತಲೆ ಕಾಗದಕ್ಕೆ ಪಂಚಿಂಗ್ ಮಷಿನ್ನಿನಲ್ಲಿ ಹೊಡೆದ ಹಾಗೆ ದುಂಡನೆ ತೂತು ಮಾಡುತ್ತದೆ. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಆಟದಲ್ಲೂ ಚಪ್ಪಟೆತಲೆಯದ್ದೇ ಬಳಕೆ. ಅಲ್ಲಿ ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರ್. ಆದರೆ ಅವರು ಹೊಡೆಯುವುದು ಒಂದೊಂದನ್ನೂ ಜೋಪಾನವಾಗಿ ಇಟ್ಟು ಬರುವ ಮ್ಯಾಚ್ ಪೆಲೆಟ್. ನಾನು ತಂದಿದ್ದು ಹಾಗಿರಲಿಲ್ಲ. ಕಿರಿಕಿರಿ ಶುರುವಾಗಿದ್ದೇ ಇಲ್ಲಿ.

ಪೆಲೆಟ್‌ಗೆ ತಲೆ, ಸೊಂಟ, ಕೆಳಗೆ ಟೊಳ್ಳು ಸ್ಕರ್ಟ್. ನಾನು ಲಂಗ ಅಂತಲೇ ಕರೆಯುತ್ತೇನೆ. ಗಾಳಿ ಹಿಂದಿನಿಂದ ನೂಕಿದಾಗ ಈ ಲಂಗ ಅರಳಿ ನಳಿಗೆಯ ಗೋಡೆಗೆ ಅಂಟಬೇಕು. ಆಗಲೇ ಗಾಳಿ ಸೋರುವುದಿಲ್ಲ, ಪೆಲೆಟ್ ನೆಟ್ಟಗೆ ತಿರುಗುತ್ತಾ ಹೋಗುತ್ತದೆ. ಲಂಗ ಒಂದು ಕಡೆ ಜಜ್ಜಿದ್ದರೆ ನಳಿಗೆ ಬಿಡುವಾಗ ಆ ಕಡೆಯಿಂದ ಗಾಳಿ ಮೊದಲು ನುಗ್ಗಿ ಪೆಲೆಟ್‌ನ ಹಿಂಭಾಗವನ್ನು ತಳ್ಳುತ್ತದೆ. ಅಲ್ಲಿಗೆ ಗುರಿ ಹೋಯಿತು. ಸೀಸ ಮೆತ್ತಗೆ. ಈ ಡಬ್ಬಿಯಲ್ಲಿ ಸ್ಪಂಜು ಗಿಂಜು ಏನೂ ಇಲ್ಲ, ಐನೂರು ಪೆಲೆಟ್ ಬರೀ ಸುರಿದಿದ್ದಾರೆ. ಕಾರ್ಖಾನೆಯಿಂದ ಲಾರಿ, ಲಾರಿಯಿಂದ ಅಂಗಡಿ, ಅಲ್ಲಿಂದ ನನ್ನ ಬೈಕಿನ ಡಿಕ್ಕಿ. ನಮ್ಮ ಮಳೆಗಾಲದ ರಸ್ತೆ ಗೊತ್ತಲ್ಲ.

ಒಂದು ರಾತ್ರಿ ನೂರು ಪೆಲೆಟ್‌ಗಳನ್ನು ಮೊರಕ್ಕೆ ಸುರಿದು, ದೀಪದ ಕೆಳಗೆ ಒಂದೊಂದೇ ಮಗುಚಿ ನೋಡುತ್ತಾ ಕೂತೆ. ಅಮ್ಮ ಬಂದು ನಿಂತರು. "ಎಂತದಾ, ಕೊತ್ತಂಬರಿ ಆರಿಸ್ತಾ ಇದ್ಯಾ?" ನೂರರಲ್ಲಿ 31ಕ್ಕೆ ಲಂಗ ಜಜ್ಜಿತ್ತು. ಉಳಿದವನ್ನು ಕನ್ನಡಿಯ ಮೇಲೆ ಉರುಳಿಸಿದೆ. ಒಂಬತ್ತು ತೀರಾ ಅಡ್ಡಾದಿಡ್ಡಿ ಹೋದವು. ಗುರುತಿನ ಅಕ್ಕಸಾಲಿಯ ಅಂಗಡಿಯಲ್ಲಿ ಇಪ್ಪತ್ತನ್ನು ತೂಗಿಸಿದರೆ 0.46ರಿಂದ 0.52 ಗ್ರಾಂವರೆಗೆ ಮನಸ್ಸಿಗೆ ಬಂದ ಹಾಗಿವೆ. ಅವರು ನಕ್ಕು, "ಚಿನ್ನದಲ್ಲಿ ಹೀಗೆ ಮಾಡಿದ್ರೆ ನಾನು ಊರು ಬಿಡಬೇಕಿತ್ತು" ಅಂದರು.

ತಲೆಯ ಅಳತೆಯೂ ಹಾಗೇ. ಒಂದು ನಳಿಗೆಗೆ ಜಾರಿ ಬಿದ್ದುಹೋಗುತ್ತದೆ. ಮುಂದಿನದನ್ನು ಉಗುರು ನೋಯುವಷ್ಟು ಒತ್ತಬೇಕು. ಡಬ್ಬಿಯಿಂದ ಹಾಗೇ ತೆಗೆದು ಹೊಡೆದರೆ 20 ಮೀಟರಿಗೆ 43 ಮಿ.ಮೀ. ಆರಿಸಿದ್ದನ್ನು ಹೊಡೆದರೆ 27. ಗನ್ ಅದೇ, ಕೈ ಅದೇ. ಆದರೆ ನೂರು ಆರಿಸಲು ಮುಕ್ಕಾಲು ಗಂಟೆ ಬೇಕು. ಅಡಿಕೆ ಸುಲಿಯುವ ಕಾಲದಲ್ಲಿ ಯಾರಿಗಿದೆ ಪುರುಸೊತ್ತು?

0.67 ಗ್ರಾಂ ಭಾರದ್ದು ನನ್ನ ಸ್ಪ್ರಿಂಗಿಗೆ ಆಗಿಬರಲಿಲ್ಲ. ಗುಂಡು ತೀರಾ ಕೆಳಗೆ ಬೀಳುತ್ತದೆ, ಮೊದಲೇ ಗಾಳಿ ಒತ್ತಿ ತುಂಬಿಟ್ಟುಕೊಳ್ಳುವ ಪಿಸಿಪಿ ಗನ್ ಇರುವವರು ನೋಡಲಿ.

ಇನ್ನು ನನ್ನ ಗುಂಡುತಲೆ. ಡಬ್ಬಿ ತೆರೆದರೆ ಮೇಲೊಂದು ಸ್ಪಂಜು. ನೂರರಲ್ಲಿ ಜಜ್ಜಿದ್ದು ಎರಡೇ. ಅಕ್ಕಸಾಲಿಯ ಕಾಟಾದಲ್ಲಿ 0.542ರಿಂದ 0.551. ಪ್ರತಿಯೊಂದೂ ಹೆಬ್ಬೆರಳಿಗೆ ಒಂದೇ ಥರ ತಡೆದು, ಒಂದೇ ಥರ ಒಳಗೆ ಹೋಗುತ್ತದೆ. ಆರಿಸದೆ ಹೊಡೆದ ಐದು ಗುಂಡು 17 ಮಿ.ಮೀ. ಒಳಗೆ ಬಿದ್ದವು. ಮೇಲೊಂದು ಸುಲಿದ ಅಡಿಕೆ ಇಟ್ಟರೆ ಐದು ತೂತೂ ಮುಚ್ಚಿಹೋದವು. ಅವತ್ತು ಆ ಮದುವೆ ಕಾಗದವನ್ನು ಮನೆಗೆ ಬಂದವರಿಗೆಲ್ಲ ತೋರಿಸಿದೆ. ಅಮ್ಮನಿಗೆ ಮಾತ್ರ ಅದು ಯಾರ ಮದುವೆದು ಅನ್ನುವುದೇ ಮುಖ್ಯವಾಗಿತ್ತು.

ಇದರಲ್ಲೂ ತಕರಾರಿದೆ. ಒಂದಕ್ಕೆ ಹತ್ತಿರ ಹತ್ತಿರ ಮೂರು ರೂಪಾಯಿ. ಎಲ್ಲ ಗನ್‌ಗೂ 4.52 ಹಿಡಿಸುವುದೂ ಇಲ್ಲ. ನನ್ನ ಷಡ್ಡಕನದ್ದು ಇದೇ ಮಾಡೆಲ್, ಅದಕ್ಕೆ 4.51 ಸರಿಹೋಯಿತು. ಮಳೆಗಾಲದಲ್ಲಿ ತೆರೆದಿಟ್ಟರೆ ಸೀಸದ ಮೇಲೆ ಬಿಳಿ ಪುಡಿ ಹಿಡಿಯುತ್ತದೆ. ಮಾತ್ರೆ ಡಬ್ಬಿಯಲ್ಲಿ ಬರುವ ತೇವ ಹೀರುವ ಪೊಟ್ಟಣವನ್ನು ಒಳಗೆ ಹಾಕಿಡುತ್ತೇನೆ. ಹುಡುಗರು ಪೆಲೆಟ್‌ಗಳನ್ನು ತುಟಿಯಲ್ಲಿ ಕಚ್ಚಿಕೊಂಡು ತುಂಬುವುದನ್ನು ನೋಡಿದ್ದೇನೆ. ಅದು ಸೀಸ, ದಯವಿಟ್ಟು ಹಾಗೆ ಮಾಡಬೇಡಿ. ಹೊಡೆದು ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದೇ ಕಾಫಿ ಲೋಟ ಮುಟ್ಟಿ.

ನಾನು ಹೊಡೆಯುವುದು ಭಾನುವಾರ ಮಾತ್ರ, ಮೂವತ್ತು ಗುಂಡು. ತೊಂಬತ್ತು ರೂಪಾಯಿ. ಅಡಿಕೆಗೆ ರೇಟು ಇದ್ದಾಗ ಇದು ದುಡ್ಡೇ ಅಲ್ಲ, ಇಲ್ಲದಾಗ ಲೆಕ್ಕ ಹಾಕಬೇಕಾಗುತ್ತದೆ. ದಿನಾ ನೂರು ಹೊಡೆಯುವವರಾದರೆ ನನ್ನ ಮಾತು ಕೇಳಬೇಡಿ, ಅಗ್ಗದ್ದನ್ನೇ ತಂದು ಮೊರ ಹಿಡಿದು ಕೂರಿ. ನನ್ನ ಬಳಿ ಇನ್ನೂ ಉಳಿದ ಚಪ್ಪಟೆತಲೆಯನ್ನು 10 ಮೀಟರಿನಲ್ಲಿ ನಿಂತು ಹೊಡೆಯುವ ಅಭ್ಯಾಸಕ್ಕೆ ಇಟ್ಟುಕೊಂಡಿದ್ದೇನೆ. ಅದನ್ನು ಈಗ ಆರಿಸಿಕೊಡುವುದು ಅಮ್ಮ. ಟಿವಿ ಧಾರಾವಾಹಿ ಮುಗಿಯುವಷ್ಟರಲ್ಲಿ ನೂರು ಆಗಿರುತ್ತದೆ, ನನಗಿಂತ ಬೇಗ.