ಹೊಟ್ಟಿನ ಶೆಡ್‌ನಲ್ಲಿ ನಿಂತು ನೋಡಿದ ಕಾಫಿ ಮಿಲ್

ಕುಶಾಲನಗರದ ಹೊರವಲಯದಲ್ಲಿರುವ, ಒಣಗಿದ ಕಾಫಿ ಹಣ್ಣಿನ (ಚೆರಿ) ಸಿಪ್ಪೆ ಬಿಡಿಸಿ ಕಾಳು ತೆಗೆಯುವ ಈ ಹಲ್ಲಿಂಗ್ ಮಿಲ್‌ನ ಬಗ್ಗೆ ನಮ್ಮ ಸುಂಟಿಕೊಪ್ಪದ ಬೆಳೆಗಾರರಲ್ಲಿ ಎರಡು ಪಂಗಡಗಳಿವೆ. ದರ ಕಡಿಮೆ, ಕೆಲಸ ಚುರುಕು ಎನ್ನುವವರು ಒಂದು ಕಡೆ. ಔಟ್‌ಟರ್ನ್, ಅಂದರೆ ಚೀಲದ ಚೆರಿಯಿಂದ ಸಿಗುವ ಕಾಳಿನ ತೂಕ, ಸಾಲದು, ಎಲ್ಲೋ ಸೋರಿಕೆ ಇದೆ ಎಂದು ಗೊಣಗುವವರು ಇನ್ನೊಂದು ಕಡೆ. ಇಬ್ಬರೂ ಕಾಳು ಚೀಲಕ್ಕೆ ಬೀಳುವ ಜಾಗದಲ್ಲೇ ನಿಂತು ತೀರ್ಪು ಕೊಟ್ಟವರು. ನಾನು ಹಿಂಬದಿಗೆ ಹೋಗಿ ಹೊಟ್ಟಿನ ಶೆಡ್‌ನಲ್ಲಿ ನಿಂತೆ. 2005ರ ಡಿಸೆಂಬರ್ 31ರಂದು ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲುವವರೆಗೂ ಅಲ್ಲಿನ ಪ್ರಯೋಗಾಲಯದಲ್ಲಿ ನನ್ನ ಕೆಲಸ ಅದೇ ಆಗಿತ್ತು: ಲಕ್ಯಾ ಅಣೆಕಟ್ಟಿನ ಕಡೆಗೆ ಹರಿದುಹೋಗುವ ಟೈಲಿಂಗ್ಸ್‌ನಲ್ಲಿ (ಅದಿರು ಸಂಸ್ಕರಿಸಿದ ಮೇಲೆ ಬಿಸಾಡುವ ಕೆಸರು) ಎಷ್ಟು ಕಬ್ಬಿಣ ಉಳಿದಿದೆ ಎಂದು ಅಳೆಯುವುದು.

ಬಿಸಾಡುವುದನ್ನು ಏಕೆ ಅಳೆಯಬೇಕು ಎಂದು ಮಿಲ್‌ನ ಮೇಸ್ತ್ರಿಯೂ ಕೇಳಿದರು. ಅವರಿಗೆ ಬರೆದು ತೋರಿಸಿದ ಲೆಕ್ಕ ಇದು. ಅದಿರಿನಲ್ಲಿ ಶೇ 38 ಕಬ್ಬಿಣ, ಸಂಸ್ಕರಿಸಿದ ಕಾನ್ಸಂಟ್ರೇಟ್‌ನಲ್ಲಿ ಶೇ 67 ಎಂದು ಇಟ್ಟುಕೊಳ್ಳಿ. ಟೈಲಿಂಗ್ಸ್‌ನಲ್ಲಿ ಶೇ 20 ಉಳಿದರೆ, ಒಳಗೆ ಹೋದ ಕಬ್ಬಿಣದಲ್ಲಿ ಶೇ 67.5ರಷ್ಟು ನಮ್ಮ ಕೈಗೆ ಬಂದಂತಾಯಿತು. ಮರುದಿನ ಟೈಲಿಂಗ್ಸ್ ಶೇ 22ಕ್ಕೆ ಏರಿದರೆ ಕೈಗೆ ಬರುವುದು ಶೇ 63ಕ್ಕಿಂತ ಕಡಿಮೆ. ಎರಡೂ ದಿನ ಕಾನ್ಸಂಟ್ರೇಟ್ ಶೇ 67 ಎಂದೇ ತೋರಿಸುತ್ತದೆ, ಮೇಲಧಿಕಾರಿಗಳು ಎರಡೂ ದಿನ ನಗುತ್ತಲೇ ಮನೆಗೆ ಹೋಗುತ್ತಾರೆ. ಔಟ್‌ಟರ್ನ್ ವಿಷಯವೂ ಹಾಗೆಯೇ. 50 ಕಿಲೋ ರೋಬಸ್ಟಾ ಚೆರಿಯಿಂದ 26 ಕಿಲೋ ಕಾಳು ಬಂತು ಎಂದರೆ ಅದರಲ್ಲಿ ಮಳೆಯ ಪಾಲೆಷ್ಟು, ಕಣದಲ್ಲಿ ಒಣಗಿಸಿದ್ದರ ಪಾಲೆಷ್ಟು, ಮಿಲ್‌ನ ಪಾಲೆಷ್ಟು ಎಂದು ಆ ಸಂಖ್ಯೆ ಹೇಳುವುದಿಲ್ಲ. ಮಿಲ್‌ನ ತಪ್ಪನ್ನು ಹೊಟ್ಟು ಮಾತ್ರ ಹೇಳುತ್ತದೆ.

ಈ ಮಿಲ್‌ಗೆ ನನ್ನ ಮೊದಲ ಅಂಕ ಅಲ್ಲಿಯೇ: ಹೊಟ್ಟಿನ ಮಾದರಿ ತೆಗೆಯಲು ಬಿಟ್ಟರು. ಬೇರೆ ಕಡೆ ಕೇಳಿದಾಗ ನಾನು ತೆರಿಗೆ ಇಲಾಖೆಯವನೇನೋ ಎಂಬಂತೆ ನೋಡಿದ್ದರು.

ಮಾದರಿಯನ್ನು ರಾಶಿಯಿಂದ ಬೊಗಸೆಯಲ್ಲಿ ಎತ್ತಬಾರದು. ರಾಶಿಯಲ್ಲಿ ಭಾರದ ಕಾಳು ಜಾರಿ ಬುಡ ಸೇರುತ್ತದೆ, ಮೇಲಿನ ಹೊಟ್ಟು ಸುಳ್ಳು ಸಾಕ್ಷಿ ಹೇಳುತ್ತದೆ. ಬೀಳುತ್ತಿರುವ ಧಾರೆಗೆ ಅಡ್ಡಲಾಗಿ, ಅದರ ಪೂರ್ತಿ ಅಗಲವನ್ನು, ಸಮಾನ ಅಂತರದ ಹೊತ್ತುಗಳಲ್ಲಿ ಹಿಡಿಯಬೇಕು. ಅದಿರಿನ ಘಟಕಗಳಲ್ಲಿ ಮಾದರಿ ಕೊಯ್ಯುವ ಸಾಧನದ ಬಾಯಿ ಅತಿ ದೊಡ್ಡ ಕಣದ ಮೂರು ಪಟ್ಟಾದರೂ ಅಗಲವಿರಬೇಕು ಎಂಬ ನಿಯಮವಿದೆ. ಇಲ್ಲಿ ಅಗಲವಾದ ಪ್ಲಾಸ್ಟಿಕ್ ಬುಟ್ಟಿ ಸಾಕಾಯಿತು. ಹಿಡಿದದ್ದನ್ನು ಗುಡ್ಡೆ ಮಾಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ಉಳಿಸಿಕೊಂಡು, ಮತ್ತೆ ಹಾಗೆಯೇ ಮಾಡಿ ಒಂದು ಕಿಲೋಗೆ ಇಳಿಸಿದೆ. ಕೊನೆಗೆ ಮನೆಯಿಂದ ತಂದ ಮೊರದಲ್ಲಿ ಕೇರಿದೆ.

ಬೆಳಗಿನ ಹೊಟ್ಟಿನಲ್ಲಿ ಕಿಲೋಗೆ 9 ಗ್ರಾಂ ಕಾಳು ಸಿಕ್ಕಿತು. ಹೆಚ್ಚಿನವು ಚೂರುಗಳು. 50 ಕಿಲೋ ಚೀಲವೊಂದರಿಂದ ಸುಮಾರು 22 ಕಿಲೋ ಹೊಟ್ಟು ಬರುವುದರಿಂದ ನಷ್ಟ 200 ಗ್ರಾಂನಷ್ಟು. ಇದಕ್ಕೆ ಯಾರೂ ಜಗಳ ತೆಗೆಯಬೇಕಾಗಿಲ್ಲ. ಮಧ್ಯಾಹ್ನ ಊಟ ಮುಗಿಸಿ ಬಂದ ಹುಡುಗ ಧೂಳು ಹೆಚ್ಚಾಯಿತೆಂದು ಫ್ಯಾನಿನ ಕವಾಟವನ್ನು ಪೂರ್ತಿ ತೆರೆದ. ಅದೇ ಕಾಫಿ, ಅದೇ ಯಂತ್ರ, ಈಗ ಕಿಲೋಗೆ 25 ಗ್ರಾಂ. ಅದರಲ್ಲಿ ಹಗುರವಾದ ಇಡೀ ಕಾಳುಗಳೂ ಇದ್ದವು. ನೂರು ಚೀಲಕ್ಕೆ ಲೆಕ್ಕ ಹಾಕಿದರೆ 35 ಕಿಲೋ ಹೆಚ್ಚುವರಿ ನಷ್ಟ. ಮೇಸ್ತ್ರಿಗೆ ಮೊರ ತೋರಿಸಿದೆ. ಅವರು ವಾದಿಸಲಿಲ್ಲ, ನೇರವಾಗಿ ಹೋಗಿ ಕವಾಟ ಇಳಿಸಿದರು. ಇದು ಎರಡನೆಯ ಅಂಕ.

ಚೂರಾದ ಕಾಳು ಮತ್ತು ಹಾರಿಹೋದ ಇಡೀ ಕಾಳು ಎರಡು ಬೇರೆ ಕಾಯಿಲೆಗಳು, ಒಂದೇ ಮದ್ದು ನಡೆಯುವುದಿಲ್ಲ. ಕುದುರೆಮುಖದಲ್ಲಿ ಇದನ್ನು ದಿನವೂ ಕಾಣುತ್ತಿದ್ದೆವು. ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ ದುರ್ಬಲ ಅಯಸ್ಕಾಂತಕ್ಕೂ ಸಿಗುತ್ತದೆ. ಶಿಥಿಲಗೊಂಡು ಹೆಮಟೈಟ್ ಆದ ಭಾಗ ಆ ದುರ್ಬಲ ಅಯಸ್ಕಾಂತಕ್ಕೆ ಸಿಗುವುದಿಲ್ಲ. ಅದಕ್ಕೆ ತೂಕದ ವ್ಯತ್ಯಾಸದ ಮೇಲೆ ಬೇರ್ಪಡಿಸುವ ಸ್ಪೈರಲ್‌ಗಳು ಬೇಕು. ಅಯಸ್ಕಾಂತವನ್ನು ಎಷ್ಟು ತಿದ್ದಿದರೂ ಹೆಮಟೈಟ್ ವಾಪಸ್ ಬರುವುದಿಲ್ಲ. ಅರೆಯುವುದರಲ್ಲೂ ಇಕ್ಕಟ್ಟು: ದಪ್ಪವಾಗಿ ಅರೆದರೆ ಖನಿಜ ಕಲ್ಲಿಗೆ ಅಂಟಿಕೊಂಡೇ ಹೊರಟುಹೋಗುತ್ತದೆ, ಅತಿ ನುಣ್ಣಗೆ ಅರೆದರೆ ಸ್ಲೈಮ್ಸ್, ಅಂದರೆ ಹಿಡಿಯಲಾಗದ ನುಣುಪು ಕೆಸರು, ಆಗುತ್ತದೆ. ಖನಿಜವನ್ನು ಗಾಳಿಗುಳ್ಳೆಗೆ ಅಂಟಿಸಿ ನೊರೆಯಲ್ಲಿ ತೇಲಿಸುವ ವಿಧಾನದಲ್ಲಿ ಸುಮಾರು 10 ಮೈಕ್ರಾನ್‌ಗಿಂತ ಚಿಕ್ಕ ಕಣ ಗುಳ್ಳೆಗೆ ಸರಿಯಾಗಿ ಅಂಟುವುದೇ ಇಲ್ಲ.

ಸಿಪ್ಪೆ ಬಿಡಿಸುವ ಯಂತ್ರವಾದ ಹಲ್ಲರ್‌ನಲ್ಲೂ ಇದೇ ಕಥೆ. ಬ್ಲೇಡಿನ ಅಂತರ ಹೆಚ್ಚಿದ್ದರೆ ಸಿಪ್ಪೆ ಬಿಡುವುದಿಲ್ಲ, ಕಡಿಮೆಯಿದ್ದರೆ ಕಾಳು ಒಡೆಯುತ್ತದೆ. ತೇವ ಶೇ 11ರ ಆಸುಪಾಸಿನಲ್ಲಿರುವ ಚೆರಿಗೂ ಸುಟ್ಟ ಹಾಗೆ ಒಣಗಿಸಿದ ಚೆರಿಗೂ ಒಂದೇ ಅಂತರ ಇಟ್ಟರೆ ಎರಡನೆಯವನ ಕಾಫಿ ಪುಡಿಯಾಗುತ್ತದೆ. ಈ ಮಿಲ್‌ನಲ್ಲಿ ಬೆಳೆಗಾರ ಬದಲಾದಾಗ ಅಂತರ ಬದಲಾಗುವುದಿಲ್ಲ. ಸರದಿ ಉದ್ದವಿದೆ ಎಂಬುದು ಅವರ ಕಾರಣ. ನನಗೆ ಒಪ್ಪಿಗೆಯಾಗಲಿಲ್ಲ, ತಿದ್ದಲು ಹತ್ತು ನಿಮಿಷದ ಕೆಲಸ ಅದು.

ಗಟ್ಟಿ ಕಾಳನ್ನೂ ಜೊಳ್ಳನ್ನೂ ಬೇರ್ಪಡಿಸುವ ಗ್ರಾವಿಟಿ ಟೇಬಲ್ ಮಾತ್ರ ಕಣ್ಣಿಗೆ ಹಬ್ಬ. ಕೆಳಗಿನಿಂದ ಗಾಳಿ, ಹಲಗೆಗೆ ಕಂಪನ. ಗಟ್ಟಿ ಕಾಳು ಏರಿನ ಕಡೆಗೆ ಹತ್ತುತ್ತದೆ, ಜೊಳ್ಳು ಇಳಿಜಾರಿಗೆ ಹರಿಯುತ್ತದೆ. ಖನಿಜಕ್ಕೆ ಬಳಸುವ ವಿಲ್ಫ್ಲಿ ಟೇಬಲ್‌ನಲ್ಲಿ ಗಾಳಿಯ ಬದಲು ನೀರು, ಅಷ್ಟೇ. ಅದನ್ನು ನಡೆಸುವ ಮಹಿಳೆ ನಡುವಿನ ಧಾರೆಯನ್ನು ಅತ್ತಲೂ ಸೇರಿಸದೆ ಇತ್ತಲೂ ಸೇರಿಸದೆ ಮತ್ತೆ ಹಾಪರ್‌ಗೆ ಸುರಿಸುತ್ತಿದ್ದರು. ಅವಸರವಿದ್ದಾಗ ಮೊದಲು ಕೈಬಿಡುವ ಕೆಲಸವೇ ಇದು. ಅವರು ಬಿಟ್ಟಿರಲಿಲ್ಲ.

ಈಗ ತಕರಾರು. ಒಳಗೆ ಬರುವ ಚೀಲಕ್ಕೆ ತೂಕವಿದೆ, ಹೊರಹೋಗುವ ಕಾಳಿಗೆ ತೂಕವಿದೆ, ಹೊಟ್ಟಿಗೆ ಇಲ್ಲ. ಮೂರನ್ನೂ ತೂಗಿದರೆ ತಾನೇ ಲೆಕ್ಕ ಕೂಡುವುದು? ಹೊಟ್ಟು ಮಿಲ್‌ಗೆ ಸೇರಬೇಕೆಂಬುದು ಅವರ ಷರತ್ತು, ಅದನ್ನು ಮಾರಿಕೊಳ್ಳುತ್ತಾರೆ. ಕಳ್ಳತನ ಎನ್ನುತ್ತಿಲ್ಲ. ಆದರೆ ನನ್ನ ನಷ್ಟ ಯಾರ ರಾಶಿಯಲ್ಲಿ ಬೀಳುತ್ತದೆಯೋ ಅವರಿಗೆ ಅದನ್ನು ತಗ್ಗಿಸುವ ಆತುರ ಇರುವುದಿಲ್ಲ. ನೆಲದ ಮೇಲೆ ಚೆಲ್ಲಿದ ಕಾಳನ್ನು ಸಂಜೆ ಗುಡಿಸಿ ಒಂದೇ ಡ್ರಮ್ಮಿಗೆ ತುಂಬುತ್ತಾರೆ, ಅದು ಯಾವ ಬೆಳೆಗಾರನ ಖಾತೆಗೂ ಬರುವುದಿಲ್ಲ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೂ ಅಲ್ಲಿನ ಸೈನೈಡ್ ದಿಬ್ಬಗಳಿಂದ (ಚಿನ್ನ ತೆಗೆದ ಮೇಲೆ ಸುರಿದ ಅದಿರಿನ ಪುಡಿಯ ಗುಡ್ಡಗಳು) ಉಳಿದ ಚಿನ್ನ ತೆಗೆಯುವ ಮಾತು ನಡೆದೇ ಇದೆ. ದಿಬ್ಬವಾದರೆ ಕಾದಿರುತ್ತದೆ, ನಮ್ಮ ಹೊಟ್ಟು ಮರುದಿನವೇ ಲಾರಿ ಹತ್ತುತ್ತದೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಮಾರ್ಚ್‌ನಲ್ಲಿ ಸರದಿ ಗೇಟಿನ ಹೊರಗಿರುತ್ತದೆ, ಏಪ್ರಿಲ್‌ನ ಮೊದಲ ಮಳೆಯ ಒಳಗೆ ಮುಗಿಸಿಕೊಳ್ಳಿ. ಬೆಳಗಿನ ಪಾಳಿಯನ್ನೇ ಕೇಳಿ ಪಡೆಯಿರಿ, ಮೊರ ನಿಮ್ಮದೇ ಇರಲಿ. ಹತ್ತು ಚೀಲಕ್ಕಿಂತ ಕಡಿಮೆ ಇದ್ದರೆ ಇನ್ನೊಬ್ಬರದರ ಜೊತೆ ಸೇರಿಸಿಬಿಡುತ್ತಾರೆ. ಅಂಥವರು ಊರಿನ ಸಣ್ಣ ಹಲ್ಲರ್‌ಗೇ ಹೋಗುವುದು ಒಳ್ಳೆಯದು.