ಡೆತ್ ಮ್ಯಾಗ್ನೆಟಿಕ್: ಸಿಡಿ ಮೇಲಾ, ಗೇಮ್ ಮೇಲಾ?

2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ 'ಡೆತ್ ಮ್ಯಾಗ್ನೆಟಿಕ್' ಆಲ್ಬಂ ಬಂದಾಗ ಅಭಿಮಾನಿಗಳ ನಡುವೆ ಜಗಳ ಎದ್ದಿತು. ಜಗಳ ಹಾಡುಗಳ ಬಗ್ಗೆ ಅಲ್ಲ. ಹಾಡುಗಳು ಚೆನ್ನಾಗಿವೆ ಅಂತ ಹೆಚ್ಚಿನವರು ಒಪ್ಪಿದ್ದರು. ಅದಕ್ಕೂ ಹಿಂದೆ ಬಂದಿದ್ದ 'ಸೇಂಟ್ ಆಂಗರ್'ನಲ್ಲಿ ಗಿಟಾರ್ ಸೋಲೋಗಳೇ ಇರಲಿಲ್ಲ, ಸ್ನೇರ್ ಡ್ರಮ್ಮಂತೂ ತಗಡಿನ ಡಬ್ಬ ಬಡಿದ ಹಾಗಿತ್ತು. ಅದನ್ನು ಸಹಿಸಿಕೊಂಡವರಿಗೆ ಇದು ಹಬ್ಬವೇ. ತಕರಾರು ಇದ್ದದ್ದು ಸದ್ದಿನ ಬಗ್ಗೆ. ಸಿಡಿ ಕೇಳಿದರೆ ಕಿವಿ ನೋಯುತ್ತದೆ, ಅದೇ ಹಾಡು 'ಗಿಟಾರ್ ಹೀರೋ 3' ಅನ್ನುವ, ಹಾಡಿನ ಜೊತೆ ಗುಂಡಿ ಒತ್ತಿ ಗಿಟಾರ್ ನುಡಿಸಿದಂತೆ ಆಡುವ ವಿಡಿಯೊ ಗೇಮ್‌ನಲ್ಲಿ ಸೊಗಸಾಗಿ ಕೇಳುತ್ತದೆ ಅಂದರು ಒಂದು ಗುಂಪಿನವರು. ಆಲ್ಬಂ ಅನ್ನು ಮತ್ತೆ ಮಿಕ್ಸ್ ಮಾಡಿ, ಅಂದರೆ ವಾದ್ಯಗಳ ಸದ್ದನ್ನು ಹೊಸದಾಗಿ ಹೊಂದಿಸಿ ಸೇರಿಸಿ ಅಂತ ಹತ್ತು ಸಾವಿರಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ಮೆಟಲ್ ಅಂದಮೇಲೆ ಜೋರಾಗಿ ಇರಲೇಬೇಕು, ಸುಮ್ನೆ ಕೇಳಿ ಅಂದರು ಇನ್ನೊಂದು ಗುಂಪಿನವರು.

ನನ್ನ ಹತ್ತಿರ ಸಿಡಿ ಇತ್ತು, ಗೆಳೆಯನ ಹತ್ತಿರ ಗೇಮ್ ಇತ್ತು. ಎರಡನ್ನೂ ಒಂದೇ ಆಂಪ್ಲಿಫೈಯರ್‌ಗೆ ಜೋಡಿಸಿ ಕೇಳಿದೆವು. ಗೇಮ್‌ನಲ್ಲಿ ಒಂದು ಫಜೀತಿ ಇದೆ. ಆಡುವವನು ನೋಟ್ ತಪ್ಪಿದರೆ ಗಿಟಾರ್ ಸದ್ದೇ ನಿಂತುಹೋಗುತ್ತದೆ. ಹಾಗಾಗಿ ಬೆರಳು ಚುರುಕಿರುವ ಅವನು ಆಡಬೇಕು, ನಾನು ಕೂತು ಕೇಳಬೇಕು.

ಮೊದಲು ವಾಲ್ಯೂಮ್ ಸರಿಹೊಂದಿಸಬೇಕು. ಇದನ್ನು ಬಿಟ್ಟರೆ ಹೋಲಿಕೆಗೆ ಅರ್ಥವಿಲ್ಲ, ಜೋರಾಗಿ ಇರುವುದೇ ಚೆನ್ನಾಗಿದೆ ಅಂತ ಕಿವಿ ಮೋಸ ಹೋಗುತ್ತದೆ. ಸಿಡಿ ಸುಮಾರು 10 ಡೆಸಿಬೆಲ್ ಜಾಸ್ತಿ ಜೋರು. ಅದನ್ನು ಇಳಿಸಿ ಎರಡನ್ನೂ ಒಂದೇ ಮಟ್ಟಕ್ಕೆ ತಂದ ಮೇಲೆ 'ದ ಡೇ ದಟ್ ನೆವರ್ ಕಮ್ಸ್' ಹಾಕಿದೆವು.

ಸುಮಾರು ಎಂಟು ನಿಮಿಷದ ಹಾಡು. ಮೆಲ್ಲಗೆ, ಬಿಡಿಬಿಡಿ ಗಿಟಾರಿನಿಂದ ಶುರುವಾಗಿ ಕೊನೆಗೆ ನಾಗಾಲೋಟಕ್ಕೆ ಬೀಳುತ್ತದೆ. ಗೇಮ್‌ನಲ್ಲಿ ಆ ತಿರುವು ಬಂದಾಗ ಮೈ ಜುಮ್ಮೆನ್ನುತ್ತದೆ, ಯಾಕಂದರೆ ಸದ್ದಿಗೆ ಮೇಲೇರಲು ಜಾಗ ಉಳಿದಿರುತ್ತದೆ. ಸಿಡಿಯಲ್ಲಿ ಅಷ್ಟರೊಳಗೆ ಎಲ್ಲವೂ ಚಾವಣಿ ಮುಟ್ಟಿಯಾಗಿದೆ. ಡ್ರಮ್ಮರ್ ಲಾರ್ಸ್ ಉಲ್ರಿಚ್ ಎಷ್ಟೇ ಜೋರಾಗಿ ಬಾರಿಸಲಿ, ಏಟು ಬಿದ್ದದ್ದು ಗೊತ್ತಾಗುವುದಿಲ್ಲ. ಡ್ರಮ್ ಬಿದ್ದ ಕಡೆಯಲ್ಲೆಲ್ಲ ಒಂದು ಚರಚರ ಸದ್ದು ಮಾತ್ರ ಬರುತ್ತದೆ. ಸ್ಪೀಕರ್ ಹರಿದಿದೆಯಾ ಅಂತ ಅನುಮಾನ ಬರುವಷ್ಟು.

ಇದಕ್ಕೆ ಕಾರಣ ಸರಳ. ಡಿಜಿಟಲ್‌ನಲ್ಲಿ ಸದ್ದಿಗೆ ಒಂದು ಮೇಲ್ಮಿತಿ ಇದೆ. ಅದರಾಚೆ ತಳ್ಳಿದರೆ ಅಲೆಯ ತಲೆ ಕತ್ತರಿಸಿಹೋಗುತ್ತದೆ. ಇದನ್ನೇ ಕ್ಲಿಪಿಂಗ್ ಅನ್ನುವುದು. ಗೇಮ್‌ಗೆ ಒಂದೊಂದು ವಾದ್ಯದ ಟ್ರ್ಯಾಕ್ ಬೇರೆಬೇರೆ ಬೇಕಾಗಿದ್ದರಿಂದ, ಕೊನೆಯಲ್ಲಿ ಎಲ್ಲ ಸೇರಿಸಿ ಹಿಂಡುವ, ಅಂದರೆ ಮೆಲ್ಲಗಿನದ್ದನ್ನೂ ಜೋರಿನ ಮಟ್ಟಕ್ಕೆ ಏರಿಸುವ ಕೆಲಸ ಅಲ್ಲಿ ಆಗಿರಲಿಲ್ಲ. ಆಲ್ಬಂನ ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುಂಚಿನ ಕೊನೆಯ ಹದ, ಮಾಡಿದ ಟೆಡ್ ಜೆನ್ಸನ್, ಮಿಕ್ಸ್ ತನ್ನ ಕೈಗೆ ಬರುವ ಮೊದಲೇ ಹಾಗಿತ್ತು ಅಂತ ಅಭಿಮಾನಿಯೊಬ್ಬರಿಗೆ ಬರೆದಿದ್ದರು. ಉಲ್ರಿಚ್ ಮಾತ್ರ ಆಲ್ಬಂನ ಸದ್ದು ತನಗೆ ಇಷ್ಟ ಅಂದರು. ಅವರಿಗೆ ಇಷ್ಟವಾಗಿದ್ದರೆ ಆಗಲಿ ಬಿಡಿ, ಅವರದೇ ಡ್ರಮ್ ಅಲ್ವಾ!

'ಸೈನೈಡ್'ನಲ್ಲಿ ಗಿಟಾರುಗಳು ತಣ್ಣಗಾಗಿ ರಾಬರ್ಟ್ ಟ್ರುಹಿಯೋ ಅವರ ಬಾಸ್ ಗಿಟಾರ್ ಮುಂದೆ ಬರುವ ಜಾಗ ಇದೆ. ಟ್ರುಹಿಯೋ ಬ್ಯಾಂಡಿನ ಜೊತೆ ಮಾಡಿದ ಮೊದಲ ಸ್ಟುಡಿಯೊ ಆಲ್ಬಂ ಇದು. ಗೇಮ್‌ನಲ್ಲಿ ತಂತಿಯ ಮೇಲೆ ಬೆರಳು ಬೀಳುವುದೂ ಕೇಳುತ್ತದೆ. ಬ್ಯಾಂಡಿನ 1988ರ ಆಲ್ಬಂ '...ಆ್ಯಂಡ್ ಜಸ್ಟಿಸ್ ಫಾರ್ ಆಲ್'ನಲ್ಲಿ ಆಗಿನ ಬಾಸ್ ವಾದಕ ಜೇಸನ್ ನ್ಯೂಸ್ಟೆಡ್ ಅವರ ಬಾಸ್ ಹೆಚ್ಚುಕಡಿಮೆ ಕಾಣೆಯಾಗಿತ್ತಲ್ಲ, ಅದನ್ನು ನೆನೆದು ಕೊರಗುವವರು ಈ ಹಾಡನ್ನು ಗೇಮ್‌ನಲ್ಲೇ ಕೇಳಬೇಕು.

ಸಿಡಿ ಗೆದ್ದದ್ದು ಒಂದೇ ಕಡೆ, 'ಮೈ ಅಪೋಕಲಿಪ್ಸ್'ನಲ್ಲಿ. ಅದು ಐದೇ ನಿಮಿಷದ ಹಾಡು, ಶುರುವಿನಿಂದ ಕೊನೆಯವರೆಗೆ ಒಂದೇ ಓಟ. ಏರಿಳಿತಕ್ಕೆ ಅಲ್ಲಿ ಕೆಲಸವಿಲ್ಲ. ಗೇಮ್‌ನಲ್ಲಿ ಅದು ಸ್ವಲ್ಪ ಸಪ್ಪೆ ಅನ್ನಿಸಿತು, ಸಿಡಿಯ ಒರಟುತನವೇ ಅದಕ್ಕೆ ಒಪ್ಪುತ್ತದೆ. ಆಲ್ಬಂನಲ್ಲಿರುವ ಹತ್ತು ನಿಮಿಷದ ವಾದ್ಯಸಂಗೀತ 'ಸೂಯಿಸೈಡ್ ಆ್ಯಂಡ್ ರಿಡೆಂಪ್ಷನ್' ಎರಡರಲ್ಲೂ ಉದ್ದವೇ, ಬಿಡಿ.

ಜೋರು ಬೇಕು ಅನ್ನುವವರ ವಾದ ನನಗೆ ಹಿಡಿಸಲಿಲ್ಲ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಇದೇ ಬ್ಯಾಂಡ್ ನುಡಿಸಿತು. ಅದಕ್ಕಿಂತ ಜೋರು ಇನ್ನೇನು ಬೇಕು? ಅಲ್ಲಿ ಕಿಕ್ ಡ್ರಮ್ಮಿನ ಒಂದೊಂದು ಏಟೂ ಎದೆಗೆ ಬಡಿಯುತ್ತಿತ್ತು. ಜೋರು ಬೇರೆ, ಹಿಂಡಿದ್ದು ಬೇರೆ.

ಈಗ ಆ ಹಳೆ ಗೇಮ್ ಹುಡುಕಿಕೊಂಡು ಹೋಗುವ ಅಗತ್ಯ ಇಲ್ಲ. 2015ರಲ್ಲಿ ಐಟ್ಯೂನ್ಸ್‌ಗೆಂದು ಬಂದ ಆವೃತ್ತಿಯನ್ನು ಸಿಡಿಯಷ್ಟು ಹಿಂಡಿಲ್ಲ. ಹೆಡ್‌ಫೋನ್‌ನಲ್ಲಿ ಪೂರ್ತಿ ಆಲ್ಬಂ ಕೇಳುವುದಾದರೆ ಅದನ್ನೇ ಹಾಕಿ. ಸಿಡಿಯನ್ನು ನಾನು ಕಾರಿನಲ್ಲಿ ಇಟ್ಟುಕೊಂಡಿದ್ದೇನೆ. ಹೊಸೂರು ರಸ್ತೆಯ ಟ್ರಾಫಿಕ್ಕಿನ ಗದ್ದಲದಲ್ಲಿ ಆ ಚರಚರ ಕೇಳುವುದೇ ಇಲ್ಲ.